ಕೊಡಗಿನ ಮಳೆಗಾಲದಲ್ಲಿ ಗೈಗರ್ ಕೌಂಟರ್: ಲಕ್ಷಣ ನೋಡಿ ದೋಷ ಹುಡುಕುವ ಕೈಪಿಡಿ

ಜೂನ್ ತಿಂಗಳಲ್ಲಿ ಮಳೆ ಹಿಡಿಯಿತೆಂದರೆ ಕೊಡಗಿನ ಮನೆಗಳಲ್ಲಿ ಬಟ್ಟೆ ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಬೀರುವಿನಲ್ಲಿಟ್ಟ ಚರ್ಮದ ಬೆಲ್ಟಿಗೆ ಬೂಷ್ಟು ಹಿಡಿಯುತ್ತದೆ. ಅದೇ ತೇವವು ಹವ್ಯಾಸಕ್ಕೆಂದು ಜೋಡಿಸಿಕೊಂಡ, ವಿಕಿರಣವನ್ನು ಎಣಿಸುವ ಗೈಗರ್ ಕೌಂಟರಿನೊಳಗೂ ಸೇರುತ್ತದೆ. ಕೆಲವೇ ನೂರು ವೋಲ್ಟ್‌ಗಳಲ್ಲಿ ಅತಿ ಸಣ್ಣ ವಿದ್ಯುತ್ ಮಿಡಿತಗಳನ್ನು ಎಣಿಸುವ ಈ ಉಪಕರಣಕ್ಕೆ ತೇವ ತಗಲಿದಾಗ, ಇಲ್ಲದ ವಿಕಿರಣವನ್ನು ಅದು ತೋರಿಸುತ್ತದೆ, ಇಲ್ಲವೇ ಇರುವುದನ್ನು ಮುಚ್ಚಿಡುತ್ತದೆ. ಮಡಿಕೇರಿ ಸುತ್ತಿನ ತೋಟದ ಮನೆಗಳಲ್ಲಿ ಇಂತಹ ಕೌಂಟರ್‌ಗಳನ್ನು ಹಲವು ಮಳೆಗಾಲ ಬಳಸಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಸಂಖ್ಯೆ ಏರಿದಾಗ ಮೊದಲು ಉಪಕರಣವನ್ನು ಪರೀಕ್ಷಿಸಬೇಕು. ಆದರೆ ಎಲ್ಲ ಪರೀಕ್ಷೆಗಳ ನಂತರವೂ ಸಂಖ್ಯೆ ಅಲ್ಲೇ ನಿಂತರೆ, ಅದನ್ನು ನಂಬಿ ಆ ಜಾಗದಿಂದ ಹಿಂದೆ ಸರಿಯಬೇಕು.

ಇಲ್ಲಿ ಹೇಳಿರುವುದೆಲ್ಲ ವಿಕಿರಣವನ್ನು ಹಿಡಿಯುವ ಭಾಗವಾಗಿ ರಷ್ಯಾದ ಎಸ್‌ಬಿಎಂ-20 ಲೋಹದ ಕೊಳವೆ ಅಥವಾ ಚೀನಾದ ಜೆ305 ಗಾಜಿನ ಕೊಳವೆ ಇರುವ ಸಾಮಾನ್ಯ ಕಿಟ್‌ಗಳಿಗೆ ಅನ್ವಯಿಸುತ್ತದೆ. ನ್ಯೂಟ್ರಾನ್ ಕೊಳವೆಗಳ ಮಾತು ಕೊನೆಯಲ್ಲಿದೆ.

ಮೊದಲು: ನಿಮ್ಮ ಮನೆಯ ಸಹಜ ಎಣಿಕೆ ಮತ್ತು ಒಂದು ಪೊಟ್ಟಣ ಪೊಟ್ಯಾಷ್

ದೋಷ ಹುಡುಕಲು ಎರಡು ಆಧಾರಗಳು ಬೇಕು. ಮೊದಲನೆಯದು ಬೇಸಿಗೆಯ ಒಣ ದಿನಗಳಲ್ಲಿ, ಒಂದೇ ಜಾಗದಲ್ಲಿ, ಒಂದೊಂದು ಗಂಟೆ ಎಣಿಸಿ ಪುಸ್ತಕದಲ್ಲಿ ಬರೆದಿಟ್ಟ ಹಿನ್ನೆಲೆ ಎಣಿಕೆ. ಎಸ್‌ಬಿಎಂ-20 ಕೊಳವೆಯಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 20ರಿಂದ 30ರ ಆಸುಪಾಸಿನಲ್ಲಿರುತ್ತದೆ. ಒಂದು ನಿಮಿಷ 18 ಬಂದು ಮರುನಿಮಿಷ 33 ಬಂದರೆ ಗಾಬರಿಯಾಗಬೇಕಿಲ್ಲ. ವಿಕಿರಣದ ಎಣಿಕೆಯಲ್ಲಿ ಏರಿಳಿತವು ಸರಿಸುಮಾರು ಎಣಿಕೆಯ ವರ್ಗಮೂಲದಷ್ಟು ಇದ್ದೇ ಇರುತ್ತದೆ. 25 ಎಣಿಕೆಗೆ ಅದು 5, ಹತ್ತು ನಿಮಿಷದ 250 ಎಣಿಕೆಗೆ ಸುಮಾರು 16. ಆದ್ದರಿಂದ ಒಂದು ನಿಮಿಷದ ಓದನ್ನು ಹಿಡಿದು ಯಾವ ತೀರ್ಮಾನಕ್ಕೂ ಬರಬಾರದು.

ಎರಡನೆಯ ಆಧಾರ ಕಾಫಿ ತೋಟವಿರುವ ಪ್ರತಿ ಮನೆಯ ಗೊಬ್ಬರದ ಕೋಣೆಯಲ್ಲೇ ಇದೆ. ಪೊಟ್ಯಾಷ್ ಗೊಬ್ಬರ, ಅಂದರೆ ಎಂಓಪಿ, ಬಹುಮಟ್ಟಿಗೆ ಪೊಟ್ಯಾಸಿಯಂ ಕ್ಲೋರೈಡ್. ನಿಸರ್ಗದ ಪೊಟ್ಯಾಸಿಯಂನಲ್ಲಿ ಶೇಕಡ 0.0117ರಷ್ಟು ಪೊಟ್ಯಾಸಿಯಂ-40 ಸೇರಿರುವುದರಿಂದ, ಪೊಟ್ಯಾಸಿಯಂನ ಪ್ರತಿ ಗ್ರಾಂನಲ್ಲಿ ಸೆಕೆಂಡಿಗೆ ಸುಮಾರು 31 ಪರಮಾಣುಗಳು ವಿಘಟನೆಯಾಗುತ್ತವೆ. ಒಂದು ಕಿಲೋ ಗೊಬ್ಬರದ ಲೆಕ್ಕದಲ್ಲಿ ಇದು ಸುಮಾರು 15,000 ಬೆಕೆರೆಲ್, ಅಂದರೆ ಸೆಕೆಂಡಿಗೆ ಅಷ್ಟು ವಿಘಟನೆಗಳು. ಹೊಲಗದ್ದೆಗಳಲ್ಲಿ ಎಲ್ಲರೂ ಕೈಯಾರೆ ಎರಚುವ ವಸ್ತುವಾದ್ದರಿಂದ ಇದನ್ನು ಮುಟ್ಟಲು ಹೆದರಬೇಕಿಲ್ಲ. ಪೊಟ್ಯಾಸಿಯಂ-40ರ ಅರ್ಧಾಯುಷ್ಯ, ಅಂದರೆ ಇರುವ ಪರಮಾಣುಗಳಲ್ಲಿ ಅರ್ಧದಷ್ಟು ವಿಘಟನೆಯಾಗಲು ಹಿಡಿಯುವ ಕಾಲ, 125 ಕೋಟಿ ವರ್ಷ, ಹಾಗಾಗಿ ನಮ್ಮ ಮೊಮ್ಮಕ್ಕಳ ಕಾಲಕ್ಕೂ ಇದೇ ಬಲದಲ್ಲಿರುತ್ತದೆ. ಅರ್ಧ ಕಿಲೋ ಪೊಟ್ಯಾಷನ್ನು ತೆಳುವಾದ ಪ್ಲಾಸ್ಟಿಕ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಚಪ್ಪಟೆ ಮಾಡಿ, ಕೊಳವೆಗೆ ತಾಗುವಷ್ಟು ಹತ್ತಿರವಿಟ್ಟು ಹತ್ತು ನಿಮಿಷ ಎಣಿಸಿ. ನಂತರ ಚೀಲ ತೆಗೆದು ಮತ್ತೆ ಹತ್ತು ನಿಮಿಷ ಎಣಿಸಿ. ಉದಾಹರಣೆಗೆ ಚೀಲವಿಲ್ಲದೆ 250, ಚೀಲದೊಡನೆ 400 ಬಂದರೆ ವ್ಯತ್ಯಾಸ 150, ಅದರ ಅನಿಶ್ಚಿತತೆ ಸುಮಾರು 25. ಇದು ಆಕಸ್ಮಿಕವಲ್ಲ, ಕೊಳವೆ ವಿಕಿರಣವನ್ನೇ ಕಾಣುತ್ತಿದೆ. ನಿಮ್ಮ ಕೊಳವೆಯಲ್ಲಿ ಈ ವ್ಯತ್ಯಾಸ ಎಷ್ಟು ಬರುತ್ತದೆ ಎಂಬುದನ್ನು ಬೇಸಿಗೆಯಲ್ಲೇ ಬರೆದಿಟ್ಟುಕೊಳ್ಳಿ. ಮುಂದಿನ ಹಲವು ಲಕ್ಷಣಗಳಲ್ಲಿ ನಾವು ಈ ಪೊಟ್ಟಣಕ್ಕೇ ಮರಳಿ ಬರುತ್ತೇವೆ. ಪೊಟ್ಯಾಷ್ ತೇವ ಹೀರುವ ಲವಣವಾದ್ದರಿಂದ ಚೀಲ ಒಡೆದು ಅದರ ಪುಡಿ ಸರ್ಕ್ಯೂಟಿನ ಮೇಲೆ ಬೀಳದಂತೆ ಎಚ್ಚರವಹಿಸಬೇಕು.

ಲಕ್ಷಣ: ಪರದೆ ಬೆಳಗುತ್ತದೆ, ಆದರೆ ಟಿಕ್ ಶಬ್ದವೇ ಇಲ್ಲ

ಮೊದಲು ಬ್ಯಾಟರಿ ನೋಡಿ. ಪರದೆ ಬೆಳಗುವಷ್ಟು ಚೈತನ್ಯವಿದ್ದರೂ ಹೈ ವೋಲ್ಟೇಜ್ ಭಾಗವನ್ನು ನಡೆಸುವಷ್ಟು ಇರದೆ ಹೋಗಬಹುದು. ಹೊಸ ಬ್ಯಾಟರಿಯಲ್ಲೂ ಮೌನವಾಗಿದ್ದರೆ ಸ್ವಿಚ್ ಆರಿಸಿ, ಐದು ನಿಮಿಷ ಕಾದು, ಕೊಳವೆಯನ್ನು ಹಿಡಿದಿರುವ ಕ್ಲಿಪ್‌ಗಳನ್ನು ಪರೀಕ್ಷಿಸಿ. ನಮ್ಮ ಹವೆಯಲ್ಲಿ ಈ ಕ್ಲಿಪ್‌ಗಳ ಮೇಲೆ ಹಸಿರು ಅಥವಾ ಕಪ್ಪು ಪೊರೆ ಕಟ್ಟುವುದು ತೀರ ಸಾಮಾನ್ಯ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿದರೆ ಸಾಕು. ಕೊಳವೆಯ ಧನ ತುದಿ ಸರಿಯಾದ ಕ್ಲಿಪ್‌ನಲ್ಲಿದೆಯೇ ಎಂಬುದನ್ನೂ ನೋಡಿ, ಏಕೆಂದರೆ ತಿರುಗುಮುರುಗಾಗಿ ಬಹಳ ಹೊತ್ತು ನಡೆಸಿದರೆ ಕೊಳವೆ ಕೆಡಬಹುದು. ಕೊಳವೆಯ ತುದಿಗೆ ನೇರವಾಗಿ ಬೆಸುಗೆ ಹಾಕಬೇಡಿ. ಬಿಸಿಯಿಂದ ಅದರ ಮುದ್ರೆ ಬಿರುಕುಬಿಟ್ಟು ಒಳಗಿನ ಅನಿಲ ಹೊರಟುಹೋಗುತ್ತದೆ, ಹಾಗಾದ ಕೊಳವೆಗೆ ದುರಸ್ತಿಯಿಲ್ಲ.

ಇನ್ನೂ ಮೌನವಾಗಿದ್ದರೆ ಹೈ ವೋಲ್ಟೇಜನ್ನು ಅಳೆಯಬೇಕು, ಇಲ್ಲಿ ಅನೇಕರು ಎಡವುತ್ತಾರೆ. ಸಾಮಾನ್ಯ ಮಲ್ಟಿಮೀಟರಿನ ಒಳರೋಧ 10 ಮೆಗಾಓಮ್. ಅದನ್ನು ನೇರವಾಗಿ ಇಟ್ಟರೆ ದುರ್ಬಲವಾದ ಈ ಸರಬರಾಜು ಕುಸಿದು, 400 ವೋಲ್ಟ್ ಇರುವಲ್ಲಿ 150 ಕಾಣಿಸಬಹುದು. ಆಗ ಚೆನ್ನಾಗಿರುವ ಭಾಗವನ್ನು ಬದಲಿಸುವ ಕೆಲಸಕ್ಕೆ ಕೈ ಹಾಕುತ್ತೇವೆ. ತಲಾ 100 ಮೆಗಾಓಮ್‌ನ ಹತ್ತು ರೋಧಕಗಳನ್ನು ಸಾಲಾಗಿ ಜೋಡಿಸಿ, ಅದರ ಮೂಲಕ ಅಳೆದರೆ ಮೀಟರು ನಿಜವಾದ ವೋಲ್ಟೇಜಿನ 101ನೇ ಒಂದು ಭಾಗವನ್ನು ತೋರಿಸುತ್ತದೆ. 3.96 ವೋಲ್ಟ್ ಕಂಡರೆ ಕೊಳವೆಯ ಮೇಲೆ 400 ವೋಲ್ಟ್ ಇದೆ ಎಂದರ್ಥ. ಎಸ್‌ಬಿಎಂ-20ಕ್ಕೆ ಬೇಕಾದದ್ದು ಅಷ್ಟೇ. ಸರಿಯಾದ ವೋಲ್ಟೇಜ್ ಇದ್ದು, ಕ್ಲಿಪ್ ಶುದ್ಧವಾಗಿದ್ದು, ಪೊಟ್ಯಾಷ್ ಪೊಟ್ಟಣ ಇಟ್ಟರೂ ಮಾತಾಡದಿದ್ದರೆ ಕೊಳವೆ ಮುಗಿದಿದೆ.

ಎಚ್ಚರಿಕೆಯ ಮಾತು: ಬ್ಯಾಟರಿಯಿಂದ ನಡೆಯುವ ಕಿಟ್‌ನ 400 ವೋಲ್ಟ್ ಸಾಮಾನ್ಯವಾಗಿ ನೋಯಿಸುತ್ತದೆ ಅಷ್ಟೇ, ಆದರೆ ಆ ನೋವಿಗೆ ಬೆಚ್ಚಿ ಕೈ ಎಳೆದುಕೊಂಡಾಗ ಪಕ್ಕದಲ್ಲಿರುವ ಬೇರೆ ವಸ್ತುವಿಗೆ ತಗಲುವುದುಂಟು. ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತು ಈ ಕೆಲಸ ಮಾಡಬಾರದು. ಒಂದು ಕೈಯನ್ನು ಸರ್ಕ್ಯೂಟಿನಿಂದ ದೂರವಿಟ್ಟುಕೊಳ್ಳಿ. ಮನೆಯ ಕರೆಂಟಿನಿಂದ ನೇರವಾಗಿ ಹೈ ವೋಲ್ಟೇಜ್ ಪಡೆಯುವ ಹಳೆಯ ಉಪಕರಣವಾಗಿದ್ದರೆ ಅದನ್ನು ನೀವೇ ತೆರೆಯಬೇಡಿ, ತಿಳಿದ ಎಲೆಕ್ಟ್ರಾನಿಕ್ಸ್ ಮೆಕ್ಯಾನಿಕ್‌ಗೆ ಕೊಡಿ.

ಲಕ್ಷಣ: ಟಿಕ್ ಟಿಕ್ ಎಂದು ಗಡಿಯಾರದಂತೆ ಒಂದೇ ಲಯದಲ್ಲಿ ಬಡಿಯುತ್ತದೆ

ವಿಕಿರಣಕ್ಕೆ ತಾಳವಿಲ್ಲ. ಎರಡು ಟಿಕ್‌ಗಳ ನಡುವಿನ ಅಂತರ ಒಮ್ಮೆ ಕಿರಿದು, ಒಮ್ಮೆ ಹಿರಿದು ಆಗಿರಲೇಬೇಕು. ಸೆಕೆಂಡಿಗೊಂದರಂತೆ ಸಮನಾಗಿ ಬಡಿಯುತ್ತಿದ್ದರೆ ನಮ್ಮ ಕಡೆ ಮೊದಲು ನೋಡಬೇಕಾದದ್ದು ಆನೆ, ಹಂದಿಗಳಿಗೆಂದು ಹಾಕಿದ ಸೋಲಾರ್ ಬೇಲಿಯನ್ನು. ಅದರ ಯಂತ್ರವು ಸುಮಾರು ಸೆಕೆಂಡಿಗೊಮ್ಮೆ ಸಾವಿರಾರು ವೋಲ್ಟ್‌ಗಳ ಮಿಡಿತವನ್ನು ತಂತಿಗೆ ಬಿಡುತ್ತದೆ. ಒದ್ದೆ ಕಂಬದಲ್ಲಿ ಅಥವಾ ತಂತಿಗೆ ತಾಗಿದ ಹುಲ್ಲಿನಲ್ಲಿ ಕಿಡಿ ಹಾರಿದರೆ ಉದ್ದನೆಯ ಆ ತಂತಿಯೇ ಆಂಟೆನಾ ಆಗುತ್ತದೆ. ಕೌಂಟರನ್ನು ಬೇಲಿಯಿಂದ ದೂರ ಒಯ್ದು ನೋಡಿ. ಲಯ ಮಾಯವಾದರೆ ದೋಷ ಕೌಂಟರಿನದಲ್ಲ.

ಮಿಕ್ಸಿ, ಇನ್‌ವರ್ಟರ್, ಜನರೇಟರ್ ನಡೆಯುವಾಗ ಮಾತ್ರ ಎಣಿಕೆ ಜಿಗಿಯುವುದೂ ಇದೇ ಜಾತಿಯ ತೊಂದರೆ. ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ನಡೆಸಿ, ಕೊಳವೆಯ ತಂತಿಗಳನ್ನು ಗಿಡ್ಡ ಮಾಡಿ, ಸರ್ಕ್ಯೂಟನ್ನು ನೆಲಸಂಪರ್ಕವಿರುವ ಲೋಹದ ಡಬ್ಬಿಯೊಳಗಿಡಿ. ಏಪ್ರಿಲ್‌, ಮೇ ತಿಂಗಳುಗಳಲ್ಲಿ ಸಿಡಿಲಿನ ಹೊತ್ತಿಗೆ ಉದ್ದನೆಯ ತಂತಿ ಕಟ್ಟಿದ ಯಾವ ಉಪಕರಣವನ್ನೂ ಮುಟ್ಟಬೇಡಿ.

ಲಕ್ಷಣ: ಬಿಸಿಲಿಗೆ ಒಯ್ದರೆ ಏರುತ್ತದೆ, ಒಳಗೆ ತಂದರೆ ಇಳಿಯುತ್ತದೆ

ಇದು ಗಾಜಿನ ಕೊಳವೆಯ ಸ್ವಭಾವ. ಬೆಳಕು ಒಳಗಿನ ಲೋಹದ ಲೇಪದಿಂದ ಎಲೆಕ್ಟ್ರಾನ್‌ಗಳನ್ನು ಎಬ್ಬಿಸುತ್ತದೆ. ಕಪ್ಪು ಬಟ್ಟೆ ಮುಚ್ಚಿದಾಗ ಎಣಿಕೆ ಇಳಿದರೆ ಕಾರಣ ಸಿಕ್ಕಿತು, ಕಪ್ಪು ಟೇಪ್ ಸುತ್ತಿ ಮುಗಿಸಿ.

ಲಕ್ಷಣ: ಮಳೆ ಬಂದ ಕೂಡಲೇ ಎಣಿಕೆ ಏರುತ್ತದೆ

ಇದಕ್ಕೆ ಎರಡು ಕಾರಣಗಳಿವೆ. ಒಂದು ನಿಜವಾದ ವಿಕಿರಣ, ಇನ್ನೊಂದು ಶುದ್ಧ ಸುಳ್ಳು. ಕೊಡಗಿನಲ್ಲಿ ಎರಡೂ ಸೇರಿಯೇ ಬರುವುದರಿಂದ ಬೇರ್ಪಡಿಸಿ ನೋಡುವ ತಾಳ್ಮೆ ಬೇಕು.

ನಿಜವಾದ ಕಾರಣ ಹೀಗಿದೆ. ನೆಲದಿಂದ ಹೊರಬರುವ ರೇಡಾನ್ ಅನಿಲವು ಗಾಳಿಯಲ್ಲಿ ವಿಘಟನೆಯಾಗಿ ಸೀಸ-214, ಬಿಸ್ಮತ್-214 ಎಂಬ ಅಲ್ಪಾಯುಷಿ ಸಂತತಿಯನ್ನು ಬಿಡುತ್ತದೆ. ಮೊದಲನೆಯದರ ಅರ್ಧಾಯುಷ್ಯ ಸುಮಾರು 27 ನಿಮಿಷ, ಎರಡನೆಯದರದು 20 ನಿಮಿಷ. ದೂಳಿಗೆ ಅಂಟಿಕೊಂಡ ಇವನ್ನು ಮಳೆ ತೊಳೆದು ನೆಲಕ್ಕೆ ತರುತ್ತದೆ. ಪರೀಕ್ಷೆ ಸುಲಭವಾಗಿದೆ. ಮಳೆ ಶುರುವಾದ ಹತ್ತು ನಿಮಿಷಕ್ಕೆ ಕಾರಿನ ಬಾನೆಟ್ಟನ್ನು ಒಂದು ಕಾಗದದ ಕರವಸ್ತ್ರದಿಂದ ಚೆನ್ನಾಗಿ ಒರೆಸಿ, ತೆಳು ಪ್ಲಾಸ್ಟಿಕ್‌ನಲ್ಲಿ ಸುತ್ತಿ, ಮನೆಯೊಳಗೆ ಒಣಗಿದ ಜಾಗದಲ್ಲಿರುವ ಕೌಂಟರಿನ ಕೆಳಗಿಡಿ. ಪ್ರತಿ ಹತ್ತು ನಿಮಿಷದ ಎಣಿಕೆಯನ್ನು ಬರೆಯುತ್ತ ಹೋಗಿ. ಹಿನ್ನೆಲೆಯನ್ನು ಕಳೆದ ಮೇಲೆ ಉಳಿಯುವ ಸಂಖ್ಯೆ ಅರ್ಧ ಗಂಟೆಗೊಮ್ಮೆ ಸುಮಾರು ಅರ್ಧವಾಗುತ್ತ, ಮೂರು ಗಂಟೆಯೊಳಗೆ ಇಲ್ಲವಾದರೆ ನೀವು ಕಂಡದ್ದು ರೇಡಾನಿನ ಸಂತತಿಯನ್ನೇ. ಇದರಲ್ಲಿ ಅಪಾಯವೇನಿಲ್ಲ. ಸ್ವಂತ ಕೈಯಲ್ಲಿ ಅರ್ಧಾಯುಷ್ಯವನ್ನು ಅಳೆಯಲು ಇದಕ್ಕಿಂತ ಒಳ್ಳೆಯ ಪ್ರಯೋಗವನ್ನು ನಾನು ಕಂಡಿಲ್ಲ, ಶಾಲೆಯ ಮಕ್ಕಳಿಗೆ ಇದನ್ನು ತಪ್ಪದೆ ತೋರಿಸಬೇಕು.

ಇದಕ್ಕೆ ಸೇರಿದ ಒಂದು ಸೂಕ್ಷ್ಮವಿದೆ. ಕಾಫಿಯ ಹೂಮಳೆಯ ಕಾಲದಲ್ಲಿ, ಅಂದರೆ ಮಾರ್ಚ್‌, ಏಪ್ರಿಲ್‌ನಲ್ಲಿ, ಹಲವು ದಿನ ಒಣಗಿದ ನೆಲದ ಮೇಲೆ ನಿಂತ ಗಾಳಿಯನ್ನು ತೊಳೆಯುವ ಮಳೆ ಬೀಳುತ್ತದೆ. ಆಗ ಈ ಏರಿಕೆ ಚೆನ್ನಾಗಿ ಕಾಣುತ್ತದೆ. ಕಕ್ಕಡ ತಿಂಗಳ (ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗಿನ ಕೊಡವ ತಿಂಗಳು) ಎಡೆಬಿಡದ ಮಳೆ ಅರಬ್ಬೀ ಸಮುದ್ರದ ಮೇಲಿಂದ ಬರುವ ಗಾಳಿಯದು, ಸಮುದ್ರದ ಗಾಳಿಯಲ್ಲಿ ರೇಡಾನ್ ಕಡಿಮೆ. ಆದ್ದರಿಂದ ಕಕ್ಕಡದಲ್ಲಿ ದಿನಗಟ್ಟಲೆ ಎಣಿಕೆ ಮೇಲೆಯೇ ನಿಂತಿದ್ದರೆ ಆಕಾಶವನ್ನು ಬಿಟ್ಟು ಸರ್ಕ್ಯೂಟನ್ನು ನೋಡಬೇಕು.

ಲಕ್ಷಣ: ತೇವದ ರಾತ್ರಿಗಳಲ್ಲಿ ಎಣಿಕೆ ಏರುತ್ತಲೇ ಹೋಗುತ್ತದೆ, ಪೊಟ್ಯಾಷ್ ಇಟ್ಟರೂ ವ್ಯತ್ಯಾಸವಿಲ್ಲ

ನಮ್ಮ ಜಿಲ್ಲೆಯ ಕೌಂಟರ್‌ಗಳಿಗೆ ತಗಲುವ ನಿಜವಾದ ರೋಗ ಇದು. ಒಂದು ಕಕ್ಕಡದಲ್ಲಿ ನನ್ನ ಕೌಂಟರಿನ ಎಣಿಕೆ ಸಂಜೆಯಾಗುತ್ತಲೇ ಮೂರು ಪಟ್ಟಾಗಿ, ಬೆಳಿಗ್ಗೆ ಒಲೆಯ ಕೋಣೆಗೆ ತಂದಾಗ ಇಳಿಯುತ್ತಿತ್ತು. ಹೊಸದಾಗಿ ಹಾಸಿದ ಗ್ರಾನೈಟ್ ಕಲ್ಲಿನ ಮೇಲೆ ಅನುಮಾನಪಟ್ಟು ಒಂದು ವಾರ ಕಳೆದೆ. ಕೊನೆಗೆ ಪೊಟ್ಯಾಷ್ ಪೊಟ್ಟಣವನ್ನು ಇಟ್ಟು ತೆಗೆದು ನೋಡಿದಾಗ ಎಣಿಕೆ ಸ್ವಲ್ಪವೂ ಬದಲಾಗಲಿಲ್ಲ, ಅಂದರೆ ಎಣಿಕೆಯಾಗುತ್ತಿದ್ದುದು ವಿಕಿರಣವೇ ಅಲ್ಲ.

ಆಗುವುದು ಇಷ್ಟೇ. ಕೊಳವೆಗೆ ಕರೆಂಟು ಸುಮಾರು 5 ಮೆಗಾಓಮ್ ರೋಧಕದ ಮೂಲಕ ಹೋಗುತ್ತದೆ. ಬೆಸುಗೆ ಹಾಕುವಾಗ ಉಳಿದ ಫ್ಲಕ್ಸ್, ಬೆರಳಿನ ಬೆವರಿನ ಉಪ್ಪು, ದೂಳು ಇವು ಒಣಹವೆಯಲ್ಲಿ ಸುಮ್ಮನಿರುತ್ತವೆ. ತೇವ ಹೀರಿದಾಗ ಅವೇ ಬೋರ್ಡಿನ ಮೇಲೆ ಸಣ್ಣ ಕಾಲುವೆಗಳಾಗಿ, 400 ವೋಲ್ಟ್‌ನ ಗೆರೆಯಿಂದ ಪಕ್ಕದ ಗೆರೆಗೆ ಕರೆಂಟು ಸೋರುತ್ತದೆ. ಸೋರಿಕೆ ನಿಧಾನವಾಗಿದ್ದರೆ ವೋಲ್ಟೇಜ್ ಕುಸಿದು ಎಣಿಕೆ ಕಡಿಮೆಯಾಗುತ್ತದೆ, ಬಿಟ್ಟು ಬಿಟ್ಟು ಕಿಡಿಯಂತೆ ಆದರೆ ಪ್ರತಿ ಕಿಡಿಯೂ ಒಂದು ಎಣಿಕೆಯಾಗುತ್ತದೆ. ಹೀಗಾಗಿ ಒಂದೇ ದೋಷಕ್ಕೆ ಎರಡು ವಿರುದ್ಧ ಲಕ್ಷಣಗಳು ಕಾಣಬಹುದು.

ಖಚಿತಪಡಿಸಿಕೊಳ್ಳಲು ಖರ್ಚಿಲ್ಲದ ದಾರಿಯೊಂದಿದೆ. ಸ್ವಿಚ್ ಆರಿಸಿ, ಕೊಳವೆಯನ್ನು ಕ್ಲಿಪ್‌ನಿಂದ ತೆಗೆದು ಬದಿಗಿಟ್ಟು, ಮತ್ತೆ ಸ್ವಿಚ್ ಹಾಕಿ. ಕೊಳವೆಯೇ ಇಲ್ಲದೆ ಎಣಿಕೆ ಬರುತ್ತಿದ್ದರೆ ಬೋರ್ಡು ಸೋರುತ್ತಿದೆ. ಕತ್ತಲ ಕೋಣೆಯಲ್ಲಿ ನೋಡಿದರೆ ಕೆಲವೊಮ್ಮೆ ನೀಲಿ ಚುಕ್ಕೆಯೂ ಕಾಣುತ್ತದೆ.

ದುರಸ್ತಿಗೆ ಬ್ಯಾಟರಿ ತೆಗೆದು, ಶೇಕಡ 99ರ ಐಸೊಪ್ರೊಪೈಲ್ ಆಲ್ಕೊಹಾಲ್ ಮತ್ತು ಮೆತ್ತನೆಯ ಹಲ್ಲುಜ್ಜುವ ಬ್ರಷ್ಷಿನಿಂದ ಹೈ ವೋಲ್ಟೇಜ್ ಭಾಗದ ಎರಡೂ ಬದಿಗಳನ್ನು ತೊಳೆಯಿರಿ. ಕೊಳವೆಯ ಎರಡು ತುದಿಗಳ ನಡುವಿನ ಮೈಯನ್ನೂ ಅದರಿಂದಲೇ ಒರೆಸಿ, ಆಮೇಲೆ ಬರಿಗೈಯಲ್ಲಿ ಮುಟ್ಟಬೇಡಿ. ಈ ದ್ರವಕ್ಕೆ ಬೆಂಕಿ ಬೇಗ ಹತ್ತುವುದರಿಂದ ಒಲೆಯ ಕೋಣೆಯಲ್ಲಿ ಈ ಕೆಲಸ ಬೇಡ, ದ್ರವ ಪೂರ್ತಿ ಆರುವವರೆಗೆ ಸ್ವಿಚ್ಚನ್ನೂ ಹಾಕಬಾರದು. ಒಂದು ದಿನ ಸಿಲಿಕಾ ಜೆಲ್ ತುಂಬಿದ ಮುಚ್ಚಿದ ಡಬ್ಬಿಯಲ್ಲಿಟ್ಟು ಮತ್ತೆ ಪರೀಕ್ಷಿಸಿ. ಎಣಿಕೆ ಸಹಜಕ್ಕೆ ಬಂದಿದ್ದರೆ, ಒಣಗಿರುವಾಗಲೇ ಸರ್ಕ್ಯೂಟ್ ಬೋರ್ಡಿಗೆಂದೇ ಸಿಗುವ ರಕ್ಷಕ ಲೇಪವನ್ನು ಹಚ್ಚಿ. ತೇವವಿರುವಾಗ ಹಚ್ಚಿದರೆ ರೋಗವನ್ನು ಒಳಗಿಟ್ಟು ಬಾಗಿಲು ಹಾಕಿದಂತೆ. ಡಬ್ಬಿಯಲ್ಲಿ ಸಿಲಿಕಾ ಜೆಲ್ ಸದಾ ಇರಲಿ, ಬಣ್ಣ ಬದಲಾದಾಗ ಬಿಸಿ ಮಾಡಿ ಮತ್ತೆ ಬಳಸಿ.

ಲಕ್ಷಣ: ಎಲ್ಲ ಸರಿಯಿದೆ, ಆದರೂ ಒಂದು ಜಾಗದಲ್ಲಿ ಮಾತ್ರ ಎಣಿಕೆ ಹಲವು ಪಟ್ಟು

ಕೊಳವೆ ತೆಗೆದಾಗ ಎಣಿಕೆ ಸೊನ್ನೆ, ಪೊಟ್ಯಾಷ್ ಪರೀಕ್ಷೆಯಲ್ಲಿ ಉತ್ತೀರ್ಣ, ದೂರ ನಡೆದಂತೆ ಎಣಿಕೆ ಇಳಿಯುತ್ತದೆ, ಹತ್ತಿರ ಬಂದರೆ ಏರುತ್ತದೆ ಎಂದಾದರೆ ಅದು ದೋಷವಲ್ಲ. ಮೊದಲು ನಿರುಪದ್ರವಿ ಕಾರಣವನ್ನು ಯೋಚಿಸಿ. ಮನೆಗೆ ಬಂದ ನೆಂಟರು ಮೈಸೂರಿನಲ್ಲೋ ಮಂಗಳೂರಿನಲ್ಲೋ ಥೈರಾಯ್ಡಿಗೆ ಅಯೋಡಿನ್-131 ಚಿಕಿತ್ಸೆ ಅಥವಾ ಮೂಳೆಯ ಸ್ಕ್ಯಾನ್ ಮಾಡಿಸಿಕೊಂಡಿರಬಹುದು. ಅವರಿಗೆ ಆಸ್ಪತ್ರೆಯವರು ಸೂಚನೆ ಕೊಟ್ಟೇ ಇರುತ್ತಾರೆ, ನಾವು ಕೌಂಟರ್ ಹಿಡಿದು ಅವರನ್ನು ಮುಜುಗರಕ್ಕೆ ತಳ್ಳಬಾರದು. ಪೆಟ್ರೋಮ್ಯಾಕ್ಸ್ ದೀಪದ ಹಳೆಯ ಮ್ಯಾಂಟಲ್‌ಗಳಲ್ಲಿ ಥೋರಿಯಂ ಇರುತ್ತದೆ. ಉರಿದ ಮ್ಯಾಂಟಲ್ ಮುಟ್ಟಿದರೆ ಪುಡಿಯಾಗುತ್ತದೆ, ಆ ಪುಡಿ ಉಸಿರಿನಲ್ಲಿ ಸೇರಬಾರದು.

ಆದರೆ ಗುಜರಿ ರಾಶಿಯಲ್ಲಿರುವ ಭಾರವಾದ ಸೀಸದ ಅಥವಾ ಉಕ್ಕಿನ ಉರುಟು ವಸ್ತು, ವಿಕಿರಣದ ಎಚ್ಚರಿಕೆ ಕೊಡುವ ಮೂರು ದಳದ ಗುರುತಿರುವ ಡಬ್ಬಿ ಇವುಗಳ ಬಳಿ ಎಣಿಕೆ ಏರಿದರೆ ಪರೀಕ್ಷೆಯನ್ನು ಅಲ್ಲಿಗೇ ನಿಲ್ಲಿಸಿ. 2010ರ ಏಪ್ರಿಲ್‌ನಲ್ಲಿ ದೆಹಲಿಯ ಮಾಯಾಪುರಿ ಗುಜರಿ ಮಾರುಕಟ್ಟೆಯಲ್ಲಿ ಕೋಬಾಲ್ಟ್-60 ಇದ್ದ ಹಳೆಯ ಉಪಕರಣವನ್ನು ಬಿಚ್ಚಿದ್ದರಿಂದ ಹಲವರು ಅಸ್ವಸ್ಥರಾಗಿ ಒಬ್ಬರು ಪ್ರಾಣ ಕಳೆದುಕೊಂಡರು. ಮುಟ್ಟಬೇಡಿ, ಅಳೆಯಲೆಂದು ಇನ್ನೂ ಹತ್ತಿರ ಹೋಗಬೇಡಿ, ಇತರರನ್ನೂ ದೂರವಿಡಿ, 112ಕ್ಕೆ ಕರೆ ಮಾಡಿ ವಿಕಿರಣಶೀಲ ವಸ್ತುವಿನ ಅನುಮಾನವೆಂದು ಸ್ಪಷ್ಟವಾಗಿ ಹೇಳಿ.

ಇಲ್ಲಿ ಕೌಂಟರಿನ ಒಂದು ಮಿತಿಯನ್ನು ತಿಳಿದಿರಲೇಬೇಕು. ಪ್ರತಿ ಎಣಿಕೆಯ ನಂತರ ಎಸ್‌ಬಿಎಂ-20 ಸುಮಾರು 190 ಮೈಕ್ರೊಸೆಕೆಂಡ್ ಕುರುಡಾಗಿರುತ್ತದೆ. ಸೆಕೆಂಡಿಗೆ 1000 ತೋರಿಸುವಾಗ ನಿಜದಲ್ಲಿ ಸುಮಾರು 1230 ಇರುತ್ತದೆ. ಇನ್ನೂ ತೀವ್ರವಾದ ಕ್ಷೇತ್ರದಲ್ಲಿ ಅದು ಚೇತರಿಸಿಕೊಳ್ಳಲಾಗದೆ ಕಡಿಮೆ ತೋರಿಸಬಹುದು, ಪೂರ್ತಿ ಮೌನವೂ ಆಗಬಹುದು. ಜೋರಾಗಿ ಕೂಗುತ್ತಿದ್ದ ಕೌಂಟರ್ ಹತ್ತಿರ ಹೋದಂತೆ ಸುಮ್ಮನಾದರೆ ಅದನ್ನು ಬ್ಯಾಟರಿ ದೋಷವೆಂದು ಎಣಿಸಬೇಡಿ, ಬಂದ ದಾರಿಯಲ್ಲೇ ಹಿಂದಿರುಗಿ.

ಲಕ್ಷಣ: ನ್ಯೂಟ್ರಾನ್ ಕೊಳವೆ ಎಣಿಸುತ್ತಿದೆ, ಆದರೆ ಅದು ನ್ಯೂಟ್ರಾನೇ?

ಗೈಗರ್ ಕೊಳವೆಗೆ ನ್ಯೂಟ್ರಾನ್ ಬಹುಮಟ್ಟಿಗೆ ಕಾಣುವುದಿಲ್ಲ, ಅದಕ್ಕೆ ವಿದ್ಯುದಾವೇಶವಿಲ್ಲ. ಹೀಲಿಯಂ-3 ಅಥವಾ ಬೋರಾನ್-10 ಇರುವ ಕೊಳವೆಗಳಲ್ಲಿ ನ್ಯೂಟ್ರಾನ್ ಸೆರೆಯಾದಾಗ ಆವೇಶವುಳ್ಳ ಕಣಗಳು ಹುಟ್ಟಿ, ಅವುಗಳ ಮಿಡಿತವನ್ನು ನಾವು ಎಣಿಸುತ್ತೇವೆ. ಹಳೆಯ ಸಾಮಾನಾಗಿ ಸಿಗುವ ಇಂತಹ ಕೊಳವೆಗಳಿಗೆ ಸಾವಿರದಿಂದ ಎರಡು ಸಾವಿರ ವೋಲ್ಟ್‌ವರೆಗೆ ಬೇಕಾಗುವುದರಿಂದ ಮೇಲೆ ಹೇಳಿದ ತೇವದ ಸೋರಿಕೆ ಇಲ್ಲಿ ಇನ್ನೂ ಪ್ರಬಲವಾಗಿರುತ್ತದೆ. ಮೊದಲು ಕನೆಕ್ಟರನ್ನು ತೊಳೆದು ಒಣಗಿಸಿ. ನಂತರ ಮೇಜನ್ನು ಮೆಲ್ಲಗೆ ತಟ್ಟಿ ನೋಡಿ. ತಟ್ಟಿದಾಗ ಎಣಿಕೆ ಬಂದರೆ ಒಳತಂತಿಯ ಅಲುಗಾಟವನ್ನು ಕೊಳವೆ ಎಣಿಸುತ್ತಿದೆ. ಆಮೇಲೆ ಪೊಟ್ಯಾಷ್ ಪೊಟ್ಟಣ ಇಡಿ. ಇಲ್ಲಿ ಎಣಿಕೆ ಏರಬಾರದು, ಏರಿದರೆ ಎಣಿಕೆಗೆ ಸೇರಲು ಮಿಡಿತ ಇರಬೇಕಾದ ಕನಿಷ್ಠ ಗಾತ್ರದ ಮಿತಿಯನ್ನು ತೀರ ಕೆಳಗಿಟ್ಟಿದ್ದೀರಿ, ಗಾಮಾ ಕಿರಣವೂ ಲೆಕ್ಕಕ್ಕೆ ಸೇರುತ್ತಿದೆ.

ಇಷ್ಟಾದ ಮೇಲೆ ಉಳಿಯುವ ಎಣಿಕೆ ಬ್ರಹ್ಮಾಂಡ ಕಿರಣಗಳು ವಾಯುಮಂಡಲದಲ್ಲಿ ಹುಟ್ಟಿಸುವ ನ್ಯೂಟ್ರಾನ್‌ಗಳದ್ದಾಗಿರಬೇಕು. ಸಮುದ್ರಮಟ್ಟದಿಂದ 1100 ಮೀಟರಿಗೂ ಎತ್ತರದಲ್ಲಿರುವ ಮಡಿಕೇರಿಯಲ್ಲಿ ಅವು ಕರಾವಳಿಗಿಂತ ಹೆಚ್ಚು. ಕೊಳವೆಯ ಸುತ್ತ ಎರಡು ಮೂರು ಸೆಂಟಿಮೀಟರ್ ಪ್ಯಾರಾಫಿನ್ ಮೇಣ ಅಥವಾ ಪಾಲಿಥೀನ್ ಹಲಗೆ ಇಟ್ಟರೆ ವೇಗದ ನ್ಯೂಟ್ರಾನ್‌ಗಳು ನಿಧಾನಗೊಂಡು ಎಣಿಕೆ ಏರಬೇಕು. ಸಂಖ್ಯೆಗಳು ಚಿಕ್ಕವಾದ್ದರಿಂದ ಒಂದೊಂದು ಅಳತೆಗೂ ಹಲವು ಗಂಟೆ ಕೊಡಿ. ಮೇಣವಿಟ್ಟಾಗ ಏರಿ ತೆಗೆದಾಗ ಇಳಿದರೆ ನಿಮ್ಮ ಕೊಳವೆ ನ್ಯೂಟ್ರಾನನ್ನೇ ಕಾಣುತ್ತಿದೆ, ಇದಕ್ಕೆ ಬೇರೆ ಯಾವ ಮೂಲವೂ ಬೇಡ. ಬೋರಾನ್ ಟ್ರೈಫ್ಲೋರೈಡ್ ತುಂಬಿದ ಕೊಳವೆ ಒಡೆದರೆ ಹೊರಬರುವುದು ವಿಷಾನಿಲ, ಹಾಗಾಗಿ ಬಿದ್ದು ಜಜ್ಜಿದ ಕೊಳವೆಯನ್ನು ಬಳಸಬೇಡಿ.

ಪರೀಕ್ಷೆಗೆಂದು ನ್ಯೂಟ್ರಾನ್ ಮೂಲವನ್ನು ಕೊಳ್ಳುವ, ಹುಡುಕುವ ಅಥವಾ ಮನೆಯಲ್ಲಿ ಮಾಡಿಕೊಳ್ಳುವ ಯೋಚನೆ ಬಂದರೆ ಅಲ್ಲಿಗೇ ನಿಲ್ಲಬೇಕು. ಅಮೆರಿಷಿಯಂ-ಬೆರಿಲಿಯಂ, ಕ್ಯಾಲಿಫೋರ್ನಿಯಂ-252 ಮುಂತಾದ ಮೂಲಗಳನ್ನು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಕಾನೂನಿನ ಮಾತನ್ನು ಬದಿಗಿಟ್ಟರೂ ಕಾರಣ ಈ ಕೈಪಿಡಿಯೊಳಗೇ ಇದೆ: ನ್ಯೂಟ್ರಾನ್ ದೇಹಕ್ಕೆ ಮಾಡುವ ಹಾನಿಯನ್ನು ಗಾಮಾಕ್ಕಿಂತ ಎರಡೂವರೆಯಿಂದ ಸುಮಾರು ಇಪ್ಪತ್ತು ಪಟ್ಟು ಹೆಚ್ಚೆಂದು ಲೆಕ್ಕ ಹಿಡಿಯುತ್ತಾರೆ, ನಿಮ್ಮ ಕೈಯಲ್ಲಿರುವ ಗೈಗರ್ ಕೌಂಟರಿಗೆ ಮಾತ್ರ ಅದು ಹೆಚ್ಚುಕಡಿಮೆ ಕಾಣುವುದೇ ಇಲ್ಲ. ಒಳಗೆ ವಿಕಿರಣಶೀಲ ವಸ್ತುವಿರುವ ಹೊಗೆ ಪತ್ತೆ ಯಂತ್ರವನ್ನು ಒಡೆಯುವುದು, ಕರಾವಳಿಯ ವಿಕಿರಣಶೀಲ ಮೊನಜೈಟ್ ಮರಳನ್ನು ಚೀಲದಲ್ಲಿ ತರುವುದು ಕೂಡ ಬೇಡ. ನಿಜವಾದ ಮೂಲದೊಂದಿಗೆ ಕಲಿಯುವ ಆಸೆಯಿದ್ದವರು ಭೌತಶಾಸ್ತ್ರ ಕಲಿಸುವ ಕಾಲೇಜಿನ ಪ್ರಯೋಗಾಲಯವನ್ನು, ಇಲ್ಲವೇ ಮಂಗಳೂರು ವಿಶ್ವವಿದ್ಯಾನಿಲಯದ ಪರಿಸರ ವಿಕಿರಣ ಸಂಶೋಧನಾ ಕೇಂದ್ರವನ್ನು ಕೇಳಬಹುದು. ಹೋಗುವಾಗ ಬೇಸಿಗೆಯ ಹಿನ್ನೆಲೆ ಎಣಿಕೆ, ಪೊಟ್ಯಾಷ್ ಪರೀಕ್ಷೆ, ಕೊಳವೆಯ ವೋಲ್ಟೇಜ್ ಇವೆಲ್ಲ ಬರೆದಿರುವ ಪುಸ್ತಕವನ್ನು ಜೊತೆಗೆ ಒಯ್ಯಿರಿ.